ಶಿಬಿರ ಮುಗಿಯಿತು, ಹೊಳೆ ತುಂಬಿತು
ಬೇಸಿಗೆಯಲ್ಲಿ ಈಜು ಕಲಿತ ಮಕ್ಕಳಿಗೆ ಉಳಿದ ಹತ್ತು ತಿಂಗಳು ಏನು?

ಮೇ ತಿಂಗಳ ಕೊನೆಯ ವಾರ ಮೈಸೂರಿನ ಯಾವ ಈಜುಕೊಳಕ್ಕೆ ಹೋದರೂ ಕಾಣುವುದು ಒಂದೇ ನೋಟ. ಬೇಸಿಗೆ ಬ್ಯಾಚಿನ ಕೊನೆಯ ದಿನ ಮಕ್ಕಳು ಸಾಲಾಗಿ ನಿಂತು ಒಬ್ಬೊಬ್ಬರೇ ಕೊಳದ ಅಗಲಕ್ಕೆ ಈಜಿ ತೋರಿಸುತ್ತಾರೆ. ಆಚೆ ಬದಿಯ ಕಂಬಿ ಹಿಡಿದವರು ತಲೆ ಎತ್ತಿ ಮೊದಲು ನೋಡುವುದು ಅಮ್ಮನ ಮೊಬೈಲಿನ ಕಡೆಗೆ. ಸರ್ಟಿಫಿಕೇಟು, ಒಂದು ಗ್ರೂಪ್ ಫೋಟೊ, ಬಿಸ್ಕತ್ತು. ‘ಇನ್ನೆರಡು ತಿಂಗಳು ಕಳಿಸಿ ಮೇಡಂ, ಈಗಷ್ಟೇ ಕೈ ಕೂಡಿಬರ್ತಿದೆ’ ಎನ್ನುತ್ತಾರೆ ಕೋಚ್. ‘ಸ್ಕೂಲು ಶುರುವಾಯ್ತಲ್ಲ ಸರ್, ಮೇಲೆ ಮಳೆ ಬೇರೆ. ಮುಂದಿನ ಬೇಸಿಗೆಗೆ ನೋಡೋಣ’ ಎಂಬ ಉತ್ತರವೂ ಸಿದ್ಧವಾಗಿರುತ್ತದೆ.

ಕೆಲವೇ ವಾರಗಳಲ್ಲಿ ವಯನಾಡಿನಲ್ಲಿ ಮುಂಗಾರು ಹಿಡಿಯುತ್ತದೆ. ಎಚ್.ಡಿ. ಕೋಟೆಯ ಕಬಿನಿ ಜಲಾಶಯಕ್ಕೆ ಒಳಹರಿವು ಏರುತ್ತದೆ. ಬೇಸಿಗೆಯಲ್ಲಿ ಬಂಡೆ ಕಾಣುತ್ತಿದ್ದ ಹೊಳೆ ಹುಲ್ಲಹಳ್ಳಿಯಲ್ಲಿ ಕೆಂಪಾಗುತ್ತದೆ. ನಂಜನಗೂಡಿನಲ್ಲಿ ಹದಿನಾರು ಕಾಲು ಮಂಟಪಕ್ಕೆ ನೀರು ಬರುತ್ತದೆ. ಅಂದರೆ ನಮ್ಮ ಮಕ್ಕಳು ಈಜು ನಿಲ್ಲಿಸುವ ಹೊತ್ತಿಗೆ ಸರಿಯಾಗಿ ನಮ್ಮ ಊರುಗಳಿಗೆ ನೀರು ಬರುತ್ತದೆ. ಬೇಸಿಗೆ ಶಿಬಿರದ ನಂತರ ಮಕ್ಕಳ ಈಜು ಮುಂದುವರಿಯಬೇಕೆ, ಮುಂದುವರಿದರೆ ಹೇಗೆ ಎಂಬ ಚರ್ಚೆ ಜಗತ್ತಿನ ಬೇರೆ ಕಡೆಯೂ ಇದೆ. ಅಲ್ಲಿ ಅದು ಪದಕದ, ಸ್ಪರ್ಧೆಯ, ಭುಜದ ನೋವಿನ ಪ್ರಶ್ನೆ. ಕಬಿನಿ–ಕಾವೇರಿಯ ಈ ದಂಡೆಯಲ್ಲಿ ಅದು ಮೊದಲಿಗೆ ಕ್ಯಾಲೆಂಡರಿನ ಪ್ರಶ್ನೆ. ಈ ವಾದಗಳನ್ನೆಲ್ಲ ಆ ಕ್ಯಾಲೆಂಡರನ್ನು ಎದುರಿಗಿಟ್ಟುಕೊಂಡೇ ನೋಡಬೇಕು ಎಂಬುದು ನನ್ನ ಅಭಿಪ್ರಾಯ.

ನಾಲೆಯಿಂದ ಕೊಳಕ್ಕೆ

ಈಜಿಗೆ ಶಿಬಿರ ಎಂಬುದು ನಮ್ಮ ಕಡೆ ಹೊಸ ಸಂಗತಿ. ಹುಲ್ಲಹಳ್ಳಿಯ ಹಳೆಯ ಅಣೆಕಟ್ಟೆಯಿಂದ ಹುಲ್ಲಹಳ್ಳಿ ನಾಲೆ, ರಾಂಪುರ ನಾಲೆ ಹೊರಡುತ್ತವೆ. ಕಬಿನಿ ಜಲಾಶಯ ಆದದ್ದು ೧೯೭೪ರಲ್ಲಿ. ಈ ಕಟ್ಟೆ ಅದಕ್ಕಿಂತ ಬಹಳ ಹಿಂದಿನದು. ನಾಲೆಗೆ ನೀರು ಬಿಟ್ಟರೆ ಗದ್ದೆಗೆ ನಾಟಿಯ ಕಾಲ, ಹುಡುಗರಿಗೆ ಈಜಿನ ಕಾಲ. ಕಲಿಸುತ್ತಿದ್ದವರು ಅಣ್ಣ, ಸೋದರಮಾವ, ಇಲ್ಲವೇ ಬೀದಿಯ ದೊಡ್ಡ ಹುಡುಗ. ಸೊಂಟಕ್ಕೆ ಒಣಗಿದ ಸೋರೆ ಬುರುಡೆ. ಆಮೇಲಾಮೇಲೆ ಲಾರಿ ಟ್ಯೂಬು, ಎಣ್ಣೆ ಕ್ಯಾನು. ಹೊಟ್ಟೆಯ ಕೆಳಗೆ ಒಂದು ಅಂಗೈ. ‘ಹೆದರ್ಕಬ್ಯಾಡ ಕಣ್ಲಾ, ಕಾಲು ಬಡಿ, ಇನ್ನೂ ಜೋರಾಗಿ ಬಡಿ’ ಎನ್ನುತ್ತಲೇ ಆ ಅಂಗೈ ಯಾವಾಗ ಜಾರಿಹೋಯಿತೋ ಹುಡುಗನಿಗೆ ತಿಳಿಯುತ್ತಿರಲಿಲ್ಲ. ನಾಲ್ಕು ಬಾರಿ ನೀರು ಕುಡಿದು ಐದನೆಯ ಬಾರಿಗೆ ತೇಲಿದರೆ ಪಾಠ ಮುಗಿಯಿತು.

ಈ ಪದ್ಧತಿಯನ್ನು ಹೊಗಳುವ ಬರಹಗಳು ಬೇಕಾದಷ್ಟು ಬಂದಿವೆ. ಅದರಲ್ಲಿ ಹುರುಳೂ ಇದೆ. ಹಾಗೆ ಕಲಿತ ಹುಡುಗನಿಗೆ ಹರಿಯುವ ನೀರಿನ ಸೆಳವು ಗೊತ್ತಿತ್ತು. ತೂಬಿನ ಬಳಿ ಹೋಗಬಾರದು, ಮಡುವಿನಲ್ಲಿ ಇಳಿಯಬಾರದು, ಸುಳಿಗೆ ಎದುರಾಗಿ ಕೈ ಹೊಡೆಯಬಾರದು ಎಂಬುದನ್ನೆಲ್ಲ ಅವನಿಗೆ ಯಾರೂ ಪ್ರತ್ಯೇಕವಾಗಿ ಕಲಿಸಬೇಕಿರಲಿಲ್ಲ. ಆದರೆ ಆ ಪಾಠಶಾಲೆಯಲ್ಲಿ ನಪಾಸಾದವರ ಲೆಕ್ಕ ಯಾರೂ ಇಡಲಿಲ್ಲ. ಅಲ್ಲಿ ಹುಡುಗಿಯರಿಗೆ ಪ್ರವೇಶವೂ ಇರಲಿಲ್ಲ. ಸೋಪಾನಕಟ್ಟೆಯ ಮೇಲೆ ದಿನವೂ ಬಟ್ಟೆ ಒಗೆಯುತ್ತಿದ್ದವರು, ಬಿಂದಿಗೆ ತುಂಬುತ್ತಿದ್ದವರು ಹೆಂಗಸರು. ಈಜು ಬರುತ್ತಿದ್ದುದು ಗಂಡಸರಿಗೆ.

ಕೊಳಗಳು ಬಂದದ್ದು ನಗರದ ಮೂಲಕ. ಸರಸ್ವತಿಪುರಂನಲ್ಲಿರುವ ಮೈಸೂರು ವಿಶ್ವವಿದ್ಯಾನಿಲಯದ ಈಜುಕೊಳ ಈ ಭಾಗದ ಹಲವರ ಮೊದಲ ಕ್ಲೋರಿನ್ ಅನುಭವ. ಬೆಂಗಳೂರಿನಲ್ಲಿ ಬಸವನಗುಡಿ ಅಕ್ವಾಟಿಕ್ ಸೆಂಟರ್, ಡಾಲ್ಫಿನ್ ಅಕ್ವಾಟಿಕ್ಸ್ ಮುಂತಾದ ಕ್ಲಬ್ಬುಗಳು ಬೆಳೆದು ರಾಷ್ಟ್ರಮಟ್ಟದ ಈಜಿನಲ್ಲಿ ಕರ್ನಾಟಕದ ಹೆಸರು ಮುಂದೆ ಬಂತು. ಇತ್ತ ಬೇಸಿಗೆ ಶಿಬಿರಗಳ ಸಂಸ್ಕೃತಿಯೂ ಬೆಳೆಯಿತು. ಮೈಸೂರಿನಲ್ಲಿ ರಂಗಾಯಣದ ಚಿನ್ನರ ಮೇಳಕ್ಕೆ ಮಕ್ಕಳನ್ನು ಸೇರಿಸಲು ತಾಯ್ತಂದೆ ಮುಗಿಬೀಳುವಂತೆಯೇ ಈಜಿಗೂ ಏಪ್ರಿಲ್–ಮೇ ತಿಂಗಳ ಬ್ಯಾಚುಗಳು ತುಂಬತೊಡಗಿದವು. ಮೂರು ವಾರವೋ ಒಂದು ತಿಂಗಳೋ, ದಿನಕ್ಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಹೀಗೆ ಈಜಿನ ಕಾಲ ಸದ್ದಿಲ್ಲದೆ ಬದಲಾಯಿತು. ನಾಲೆಯ ಈಜು ನೀರು ಬಂದಾಗ ನಡೆಯುತ್ತಿತ್ತು. ಕೊಳದ ಈಜು ರಜೆ ಬಂದಾಗ ನಡೆಯುತ್ತದೆ.

ಕಡಲಾಚೆಯ ಬೇಸಿಗೆ ತಂಡ

‘ಬೇಸಿಗೆ ಮುಗಿದ ಮೇಲೆ ಏನು’ ಎಂಬ ಪ್ರಶ್ನೆ ಅತ್ಯಂತ ವ್ಯವಸ್ಥಿತವಾಗಿ ಚರ್ಚೆಯಾಗಿರುವುದು ಅಮೆರಿಕದಲ್ಲಿ. ವಾಷಿಂಗ್ಟನ್ ಸುತ್ತಿನ ವರ್ಜೀನಿಯಾ, ಮೇರಿಲ್ಯಾಂಡ್ ಬಡಾವಣೆಗಳಲ್ಲಿ ೧೯೫೦ರ ದಶಕದಿಂದಲೂ ಬೇಸಿಗೆ ಈಜು ಲೀಗುಗಳಿವೆ. ಒಂದೊಂದು ಬಡಾವಣೆಯ ಕೊಳಕ್ಕೂ ಒಂದು ತಂಡ, ಶನಿವಾರ ಬೆಳಿಗ್ಗೆ ಪಕ್ಕದ ಬಡಾವಣೆಯೊಡನೆ ಪಂದ್ಯ. ಸಮಯ ನೋಡುವುದು, ತೀರ್ಪು ಹೇಳುವುದು, ತಿಂಡಿ ಮಾರುವುದು ಎಲ್ಲ ತಾಯ್ತಂದೆಯರೇ. ಆ ಕಡೆ ನೆಲೆಸಿರುವ ಕನ್ನಡದ ಮನೆಗಳ ಮಕ್ಕಳೂ ಈ ತಂಡಗಳಲ್ಲಿ ಈಜುತ್ತಾರೆ. ಅಜ್ಜಿ ಮೈಸೂರಿನಿಂದ ಹೋದ ಬೇಸಿಗೆಯಲ್ಲಿ ಮೊಮ್ಮಗಳ ಪಂದ್ಯಕ್ಕೆ ಪುಳಿಯೋಗರೆ ಕಟ್ಟಿಕೊಂಡು ಹೋಗುವುದು ಅಲ್ಲಿ ಅಪರೂಪವಲ್ಲ.

ಜುಲೈ ಕೊನೆಗೆ ಲೀಗ್ ಮುಗಿಯುತ್ತದೆ. ಆಮೇಲಿನ ದಾರಿಗಳು ಅಲ್ಲಿ ಸ್ಪಷ್ಟವಾಗಿವೆ. ವರ್ಷಪೂರ್ತಿ ಅಭ್ಯಾಸ ಮಾಡಿಸುವ ಕ್ಲಬ್ಬಿಗೆ ಸೇರಬಹುದು; ವಾರಕ್ಕೆ ಒಂದೆರಡು ದಿನ ಶೈಲಿ ತಿದ್ದುವ ಚಳಿಗಾಲದ ತರಗತಿಗೆ ಹೋಗಬಹುದು; ಇಲ್ಲವೇ ಫುಟ್‌ಬಾಲ್, ಪಿಯಾನೊ, ಶನಿವಾರದ ಕನ್ನಡ ಶಾಲೆ ಎಂದು ಬೇರೆ ಕಡೆ ತಿರುಗಿ ಮುಂದಿನ ಜೂನಿಗೆ ಮರಳಬಹುದು. ಒಲಿಂಪಿಕ್ಸ್ ಚಿನ್ನಗಳ ರಾಶಿ ಗೆದ್ದ ಕೇಟಿ ಲೆಡೆಕಿ ಆರನೆಯ ವಯಸ್ಸಿನಲ್ಲಿ ಮೇರಿಲ್ಯಾಂಡಿನ ಇಂಥದೇ ಒಂದು ಬಡಾವಣೆ ತಂಡದಿಂದ ಶುರುಮಾಡಿದವರು. ಈ ಉದಾಹರಣೆಯನ್ನು ಈಜು ಬಿಡಬಾರದು ಎನ್ನುವವರೂ ಬಿಡುವು ಬೇಕು ಎನ್ನುವವರೂ ಬಳಸುತ್ತಾರೆ. ‘ನೋಡಿ, ಆಟವಾಗಿ ಶುರುಮಾಡಿದರೂ ಸಾಕು’ ಎಂದು ಒಬ್ಬರು. ‘ಆದರೆ ಅಲ್ಲಿಗೇ ನಿಲ್ಲಲಿಲ್ಲವಲ್ಲ’ ಎಂದು ಇನ್ನೊಬ್ಬರು.

ಬಿಡದೆ ಈಜಿಸಿ ಎನ್ನುವವರು

ಇವರ ವಾದ ಸರಳ. ನೀರಿನಲ್ಲಿ ದೇಹ ಅಡ್ಡ ಮಲಗುತ್ತದೆ, ಉಸಿರು ಬೇಕೆಂದಾಗ ಸಿಗುವುದಿಲ್ಲ, ಕೈ ಹಿಡಿಯುವುದಕ್ಕೆ ಗಟ್ಟಿಯಾದದ್ದು ಏನೂ ಇರುವುದಿಲ್ಲ. ನೆಲದ ಮೇಲಿನ ಯಾವ ಆಟವೂ ಇದಕ್ಕೆ ತಯಾರಿ ಆಗದು. ಕೋಚುಗಳು ‘ನೀರಿನ ಹಿಡಿತ’ ಎಂದು ಕರೆಯುವ ಆ ಸ್ಪರ್ಶಜ್ಞಾನ ದಿನದಿನವೂ ನೀರಿಗಿಳಿದರಷ್ಟೇ ಉಳಿಯುತ್ತದೆ. ಕೆಲವು ವಾರ ಅಭ್ಯಾಸ ತಪ್ಪಿದರೆ ದಮ್ಮು ಇಳಿಯುತ್ತದೆ ಎಂಬುದನ್ನು ಕ್ರೀಡಾವಿಜ್ಞಾನವೂ ಒಪ್ಪುತ್ತದೆ. ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು ೧೯೯೩ರಲ್ಲಿ ಪಿಟೀಲು ವಾದಕರನ್ನು ಅಧ್ಯಯನ ಮಾಡಿ, ಉದ್ದೇಶಪೂರ್ವಕ ಅಭ್ಯಾಸದ ಗಂಟೆಗಳೇ ನೈಪುಣ್ಯದ ಮೂಲ ಎಂದು ವಾದಿಸಿದ ಮೇಲೆ ಈ ಪಕ್ಷಕ್ಕೆ ಶಾಸ್ತ್ರದ ಬಲವೂ ಬಂತು.

ಕರ್ನಾಟಕದ ಅನುಭವ ಇವರ ಕೈಯಲ್ಲಿರುವ ದೊಡ್ಡ ಪುರಾವೆ. ಸಿಡ್ನಿಯಲ್ಲಿ ಈಜಿದ ನಿಶಾ ಮಿಲ್ಲೆಟ್, ಅಥೆನ್ಸಿನಲ್ಲಿ ಶಿಖಾ ಟಂಡನ್, ಬೀಜಿಂಗಿನಲ್ಲಿ ರೆಹಾನ್ ಪೂಂಚಾ, ಲಂಡನ್ನಿನಲ್ಲಿ ಗಗನ್ ಉಳ್ಳಾಲಮಠ, ಟೋಕಿಯೊದಲ್ಲಿ ಶ್ರೀಹರಿ ನಟರಾಜ್ ಎಲ್ಲರೂ ಬೆಂಗಳೂರಿನ ಕೊಳಗಳಲ್ಲಿ ವರ್ಷಪೂರ್ತಿ ಪಳಗಿದವರು. ತರಬೇತುದಾರರಾದ ನಿಹಾರ್ ಅಮೀನ್‌ಗೆ ೨೦೧೫ರಲ್ಲಿ, ಎಸ್. ಪ್ರದೀಪ್ ಕುಮಾರ್‌ಗೆ ೨೦೧೬ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಬಂತು. ೨೦೨೪ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತ ತಂಡದ ಅತಿ ಕಿರಿಯ ಸ್ಪರ್ಧಿಯಾಗಿದ್ದ ಧಿನಿಧಿ ದೇಸಿಂಗುಗೆ ಆಗ ೧೪ ವರ್ಷ. ಮಾತು ಕಡಿಮೆಯ ಮಗು ಉಳಿದ ಮಕ್ಕಳೊಡನೆ ಬೆರೆಯಲಿ ಎಂದು ಹೆತ್ತವರು ಮನೆ ಹತ್ತಿರದ ಕೊಳಕ್ಕೆ ಸೇರಿಸಿದ್ದರಂತೆ. ಹದಿನಾಲ್ಕಕ್ಕೆ ಒಲಿಂಪಿಕ್ಸ್ ತಲುಪಬೇಕಾದರೆ ಅದಕ್ಕೆ ಮೊದಲಿನ ವರ್ಷಗಳಲ್ಲಿ ‘ಮುಂದಿನ ಬೇಸಿಗೆಗೆ ನೋಡೋಣ’ ಎನ್ನುವ ಅವಕಾಶ ಇರುವುದಿಲ್ಲ.

ಕೋವಿಡ್ ಕಾಲದಲ್ಲಿ ಇಡೀ ದೇಶಕ್ಕೇ ಒಂದು ಒತ್ತಾಯದ ಬಿಡುವು ಸಿಕ್ಕಿತು. ೨೦೨೦ರ ಮಾರ್ಚಿನಲ್ಲಿ ಮುಚ್ಚಿದ ಕೊಳಗಳನ್ನು ಸ್ಪರ್ಧಾಳುಗಳ ತರಬೇತಿಗೆ ತೆರೆಯಲು ಕೇಂದ್ರ ಅನುಮತಿಸಿದ್ದು ಅಕ್ಟೋಬರಿನಲ್ಲಿ. ಅಷ್ಟು ದೀರ್ಘ ವಿರಾಮದ ನಂತರವೂ ೨೦೨೧ರ ಜೂನಿನಲ್ಲಿ ರೋಮ್‌ನಲ್ಲಿ ಪ್ರದೀಪ್ ಕುಮಾರ್ ಶಿಷ್ಯ ಸಾಜನ್ ಪ್ರಕಾಶ್, ಬೆನ್ನಿಗೇ ಶ್ರೀಹರಿ ನಟರಾಜ್, ಒಲಿಂಪಿಕ್ಸ್‌ನ ‘ಎ’ ಅರ್ಹತಾ ಮಟ್ಟ ಮುಟ್ಟಿದರು. ಸಾಜನ್ ಇದನ್ನು ಸಾಧಿಸಿದ ಮೊದಲ ಭಾರತೀಯ. ಹಾಗಾದರೆ ಬಿಡುವು ಕೆಡುಕಲ್ಲವೇ? ಅವರು ವಿದೇಶದ ಕೊಳ ಹುಡುಕಿಕೊಂಡು ಹೋಗಿ ಅಭ್ಯಾಸ ಕೂಡಿಸಿಕೊಂಡರು, ಹತ್ತಾರು ವರ್ಷದ ಅಡಿಪಾಯವಿತ್ತು ಎಂಬುದು ಉತ್ತರ. ಈ ಉತ್ತರವನ್ನು ನಾನು ಒಪ್ಪುತ್ತೇನೆ. ಬಲಿತ ಈಜುಗಾರನ ಬಿಡುವಿಗೂ ಮೂರು ವಾರ ಕಲಿತ ಎಂಟು ವರ್ಷದ ಮಗುವಿನ ಬಿಡುವಿಗೂ ಹೋಲಿಕೆಯೇ ಇಲ್ಲ.

ಈ ಪಕ್ಷದ ದೌರ್ಬಲ್ಯ ಬೇರೆ ಕಡೆ ಇದೆ. ಅವರು ಗೆದ್ದವರನ್ನು ಎಣಿಸುತ್ತಾರೆ. ಬೆಳಿಗ್ಗೆ ಐದಕ್ಕೆ ಎದ್ದು ನಾಲ್ಕು ವರ್ಷ ಈಜಿ, ಹತ್ತನೇ ಕ್ಲಾಸಿಗೆ ಬಂದೊಡನೆ ಟವೆಲು ಮಡಚಿಟ್ಟವರ ಪಟ್ಟಿ ಯಾವ ಕ್ಲಬ್ಬಿನ ಗೋಡೆಯ ಮೇಲೂ ಇರುವುದಿಲ್ಲ.

ಬಿಡುವು ಕೊಡಿ ಎನ್ನುವವರು

ಎರಡನೆಯ ಪಕ್ಷ ಮಕ್ಕಳ ವೈದ್ಯರದು, ಮನಶ್ಶಾಸ್ತ್ರಜ್ಞರದು. ಕೆನಡಾದ ಜಾನ್ ಕೋತೆ ರೂಪಿಸಿದ ಮಾದರಿಯ ಪ್ರಕಾರ ಆರರಿಂದ ಹನ್ನೆರಡರವರೆಗೆ ಮಗು ಹಲವು ಆಟಗಳ ರುಚಿ ನೋಡಬೇಕು, ಹದಿಮೂರರ ಮೇಲೆ ಒಂದೆರಡಕ್ಕೆ ಇಳಿಸಬೇಕು, ಹದಿನಾರರ ಸುಮಾರಿಗೆ ಒಂದನ್ನು ಹಿಡಿಯಬೇಕು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ೨೦೧೬ರ ತನ್ನ ವರದಿಯಲ್ಲಿ ಒಂದೇ ಆಟಕ್ಕೆ ಕಟ್ಟುಬೀಳುವುದನ್ನು ೧೫–೧೬ರವರೆಗೆ ಮುಂದೂಡುವುದು ಲೇಸು ಎಂದಿತು. ವರ್ಷದಲ್ಲಿ ಒಟ್ಟು ಮೂರು ತಿಂಗಳಾದರೂ, ಒಂದೊಂದು ತಿಂಗಳ ಕಂತಿನಲ್ಲಿ, ತನ್ನ ಮುಖ್ಯ ಆಟದಿಂದ ಮಗು ದೂರವಿರಲಿ, ವಾರಕ್ಕೆ ಒಂದೆರಡು ದಿನ ಬಿಡುವಿರಲಿ ಎಂದೂ ಹೇಳಿತು. ಈಜುಗಾರರ ಭುಜದ ನೋವು ಇದಕ್ಕೆ ಸಾಮಾನ್ಯವಾಗಿ ಕೊಡುವ ಉದಾಹರಣೆ. ದಿನಕ್ಕೆ ಸಾವಿರಾರು ಬಾರಿ ಒಂದೇ ಕೀಲು ಒಂದೇ ರೀತಿ ತಿರುಗಿದರೆ ಆಗುವುದು ಅದು.

ಇದೆಲ್ಲ ಸರಿಯೇ. ಆದರೆ ಹುಲ್ಲಹಳ್ಳಿಯ, ಬನ್ನೂರಿನ, ತಲಕಾಡಿನ ಮಗುವಿಗೆ ಇದನ್ನು ಹಚ್ಚುವಾಗ ನಗು ಬರುತ್ತದೆ. ಅತಿಯಾದ ಈಜಿನಿಂದ ಬಳಲಿದ ಮಗುವನ್ನು ಈ ಊರುಗಳಲ್ಲಿ ಹುಡುಕುವುದು ಕಷ್ಟ. ಇಲ್ಲಿನ ಮಗು ಕಬಡ್ಡಿ, ಕೊಕ್ಕೊ, ಕ್ರಿಕೆಟ್ಟು, ಲಗೋರಿ ಎಂದು ಹಲವು ಆಟಗಳ ರುಚಿ ಆಗಲೇ ನೋಡಿರುತ್ತದೆ. ರುಚಿ ನೋಡದೆ ಉಳಿದಿರುವುದು ಈಜೊಂದೇ. ಜೂನಿನಲ್ಲಿ ಈಜು ನಿಲ್ಲುವುದೂ ವೈದ್ಯರ ಸಲಹೆಯಿಂದಲ್ಲ, ಟ್ಯೂಷನ್ನಿನ ವೇಳಾಪಟ್ಟಿಯಿಂದ.

ಹೀಗಿದ್ದರೂ ಈ ಪಕ್ಷದ ಒಂದು ಮಾತು ನಮಗೂ ಸಲ್ಲುತ್ತದೆ. ಕಲಿತ ಚಲನೆ ಮರೆಯುವುದಿಲ್ಲ ಎನ್ನುತ್ತಾರೆ ಇವರು. ಈಜು, ಸೈಕಲ್ಲಿನಂತಹ ನಿರಂತರ ಚಲನೆಯ ಕೌಶಲಗಳು ಒಮ್ಮೆ ಮೈಗೂಡಿದರೆ ವರ್ಷಗಟ್ಟಲೆ ಉಳಿಯುತ್ತವೆ ಎಂಬುದು ಚಲನಾ ಕಲಿಕೆಯ ಶಾಸ್ತ್ರದಲ್ಲಿ ಬಹುಮಟ್ಟಿಗೆ ಒಪ್ಪಿತವಾದ ಸಂಗತಿ. ತಕರಾರು ಇರುವುದು ‘ಮೈಗೂಡಿದರೆ’ ಎಂಬ ಆ ಷರತ್ತಿನಲ್ಲಿ. ಮೂರು ವಾರದಲ್ಲಿ ಮಗುವಿನ ಮೈಗೂಡುವುದು ಎಷ್ಟು? ಸಾಮಾನ್ಯವಾಗಿ ಕಾಲು ಬಡಿಯುವುದು, ಗಾಳಿ ಹಿಡಿದು ಮುಖ ಮುಳುಗಿಸುವುದು, ಹತ್ತು ಹದಿನೈದು ಮೀಟರು ಒಂದೇ ಉಸಿರಿನ ಓಟ. ತಲೆ ಹೊರಳಿಸಿ ಉಸಿರೆಳೆಯುವುದು ಕೂಡಿಬರುವ ಹೊತ್ತಿಗೆ ಶಿಬಿರ ಮುಗಿದಿರುತ್ತದೆ. ಅದಿಲ್ಲದೆ ಈಜು ಎಂಬುದು ಉಸಿರು ಕಟ್ಟಿಕೊಂಡಿರುವಷ್ಟು ಹೊತ್ತಿನ ವಿದ್ಯೆ.

ಮೊದಲು ಜೀವ ಎನ್ನುವವರು

ಮೂರನೆಯ ಪಕ್ಷಕ್ಕೆ ಪದಕವೂ ಬೇಡ, ಪ್ರತಿಭೆಯೂ ಬೇಡ. ಮಗು ನೀರಿಗೆ ಬಿದ್ದರೆ ಬದುಕಿ ಬರಬೇಕು, ಅಷ್ಟೆ. ವಿಶ್ವ ಆರೋಗ್ಯ ಸಂಸ್ಥೆ ಮುಳುಗಿ ಸಾಯುವವರ ಬಗ್ಗೆ ಮೊದಲ ಜಾಗತಿಕ ವರದಿ ತಂದದ್ದು ೨೦೧೪ರಲ್ಲಿ. ೨೦೨೪ರ ಅದರ ವರದಿ ಪ್ರಕಾರ ೨೦೨೧ರಲ್ಲಿ ಜಗತ್ತಿನಲ್ಲಿ ಹೀಗೆ ಸತ್ತವರು ಸುಮಾರು ೩ ಲಕ್ಷ. ನಮ್ಮ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ೨೦೨೨ಕ್ಕೆ ಕೊಟ್ಟ ಲೆಕ್ಕದಲ್ಲಿ ಭಾರತದ ಪಾಲು ೩೮ ಸಾವಿರಕ್ಕೂ ಮೇಲೆ. ೨೦೨೩ರ ಡಿಸೆಂಬರಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಇದರ ತಡೆಗೆ ಒಂದು ಕಾರ್ಯಚೌಕಟ್ಟನ್ನೂ ಹೊರತಂದಿತು.

ಈಜು ಕಲಿಸಿದರೆ ಸಾವು ತಗ್ಗುತ್ತದೆಯೇ? ಕೇಳಲು ಬಾಲಿಶ ಪ್ರಶ್ನೆ. ಉತ್ತರ ಸಿಕ್ಕಿದ್ದು ತಡವಾಗಿ. ಕಲಿತವರು ಧೈರ್ಯ ಹೆಚ್ಚಾಗಿ ಆಳಕ್ಕೆ ಹೋಗಿ ಹೆಚ್ಚು ಸಾಯುತ್ತಾರೆ ಎಂಬ ಅಳುಕು ತಜ್ಞರಲ್ಲೂ ಇತ್ತು. ಅಮೆರಿಕದಲ್ಲಿ ೨೦೦೯ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದರಿಂದ ನಾಲ್ಕು ವರ್ಷದೊಳಗಿನ ಮಕ್ಕಳಲ್ಲಿ ಈಜುಪಾಠಕ್ಕೂ ಶೇ ೮೮ರಷ್ಟು ಕಡಿಮೆ ಅಪಾಯಕ್ಕೂ ನಂಟು ಕಂಡಿತು. ನಮಗೆ ಹೆಚ್ಚು ಹತ್ತಿರದ್ದು ಬಾಂಗ್ಲಾದೇಶದ ‘ಸ್ವಿಮ್‌ಸೇಫ್’ ಯೋಜನೆ. ಅಲ್ಲಿ ಟೈಲ್ಸ್ ಹಾಕಿದ ಕೊಳ ಕಟ್ಟಲಿಲ್ಲ. ಊರ ಕೆರೆಯಲ್ಲೇ ಬಿದಿರಿನ ಅಟ್ಟಣೆ ಇಳಿಬಿಟ್ಟು, ಮಗು ನಿಲ್ಲುವಷ್ಟು ಆಳಕ್ಕೆ ಹೊಂದಿಸಿ, ಊರಿನವರಿಗೇ ತರಬೇತಿ ಕೊಟ್ಟು ಅವರಿಂದ ನಾಲ್ಕರಿಂದ ಹನ್ನೆರಡು ವಯಸ್ಸಿನ ಮಕ್ಕಳಿಗೆ ಕಲಿಸಿದರು. ೨೫ ಮೀಟರ್ ಈಜಬೇಕು, ಅರ್ಧ ನಿಮಿಷ ತೇಲಬೇಕು, ನೀರಿಗೆ ಧುಮುಕದೆಯೇ ಇನ್ನೊಬ್ಬರನ್ನು ದಡಕ್ಕೆ ಎಳೆಯುವುದು ತಿಳಿದಿರಬೇಕು. ೨೦೧೨ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಕಲಿತ ಮಕ್ಕಳಲ್ಲಿ ಮುಳುಗಿ ಸಾಯುವ ಪ್ರಮಾಣ ಶೇ ೯೦ಕ್ಕೂ ಹೆಚ್ಚು ತಗ್ಗಿತ್ತು.

ನೀರಿಗೆ ಧುಮುಕದೆ ಕಾಪಾಡುವುದು ಎಂಬ ಆ ಮೂರನೆಯ ಪಾಠ ನಮ್ಮ ಬೇಸಿಗೆ ಶಿಬಿರಗಳಲ್ಲಿ ಕಾಣುವುದೇ ಅಪರೂಪ. ನಂಜನಗೂಡಿನ ಸ್ನಾನಘಟ್ಟ, ತಿರುಮಕೂಡಲಿನ ಸಂಗಮ, ತಲಕಾಡಿನ ಮರಳ ದಂಡೆ ಇವುಗಳ ಸುದ್ದಿ ಓದುವವರಿಗೆ ಒಂದು ಕ್ರಮ ಕಣ್ಣಿಗೆ ಬೀಳುತ್ತದೆ. ಒಬ್ಬರು ಜಾರುತ್ತಾರೆ, ಕೈ ಕೊಡಲು ಹೋದ ಎರಡನೆಯವರು ಹೋಗುತ್ತಾರೆ, ಅವರನ್ನು ಹಿಡಿಯಲು ಮೂರನೆಯವರು. ಸಂಜೆಗೆ ಅಗ್ನಿಶಾಮಕ ದಳವೂ ಮುಳುಗು ತಜ್ಞರೂ ಬರುತ್ತಾರೆ. ಸೀರೆಯನ್ನೋ ಟವೆಲನ್ನೋ ಎಸೆದು ದಡದಲ್ಲಿ ಮಲಗಿ ಎಳೆಯುವುದನ್ನು ಕಲಿಸಲು ಕೊಳವೇ ಬೇಡ, ಶಾಲೆಯ ಅಂಗಳ ಸಾಕು.

ಇನ್ನು ಕೊಳದ ಈಜು ಹೊಳೆಗೆ ನಡೆಯುತ್ತದೆಯೇ ಎಂಬುದು. ನಾರ್ವೆಯಲ್ಲಿ ಹನ್ನೊಂದು ವರ್ಷದ ಮಕ್ಕಳ ಮೇಲೆ ನಡೆದ ಅಧ್ಯಯನವೊಂದು ೨೦೧೩ರಲ್ಲಿ ಪ್ರಕಟವಾಯಿತು. ನಿಂತ ನೀರಿನಲ್ಲಿ ಸಲೀಸಾಗಿ ಮಾಡಿದ್ದನ್ನು ಅದೇ ಮಕ್ಕಳು ಅಲೆಯೆಬ್ಬಿಸಿದ ನೀರಿನಲ್ಲಿ ಅಷ್ಟು ಚೆನ್ನಾಗಿ ಮಾಡಲಿಲ್ಲ. ನಾಲೆಗಳ ನಾಡಾದ ನೆದರ್ಲೆಂಡ್ಸ್‌ನಲ್ಲಿ ಮಕ್ಕಳು ‘ಎ’, ‘ಬಿ’, ‘ಸಿ’ ಎಂಬ ಮೂರು ಈಜು ಡಿಪ್ಲೊಮಾ ಪಡೆಯುತ್ತಾರೆ. ಅದರ ಪರೀಕ್ಷೆಯಲ್ಲಿ ಬಟ್ಟೆ, ಬೂಟು ತೊಟ್ಟೇ ನೀರಿಗಿಳಿಯಬೇಕು. ನಾಲೆಗೆ ಬೀಳುವವರು ಈಜುಡುಗೆ ತೊಟ್ಟು ಬೀಳುವುದಿಲ್ಲ ಎಂಬ ಸಾಮಾನ್ಯ ತಿಳಿವಳಿಕೆ ಅದು. ನಮ್ಮ ಕೊಳಗಳಲ್ಲಿ ಬಟ್ಟೆ ತೊಟ್ಟು ಇಳಿದರೆ ಸೀಟಿ ಊದುತ್ತಾರೆ. ಕೊಳದ ಶುಚಿತ್ವಕ್ಕೆ ಆ ನಿಯಮ ಬೇಕು, ನಿಜ. ಆದರೆ ವರ್ಷಕ್ಕೆ ಒಂದು ದಿನ, ಶಿಬಿರದ ಕೊನೆಯ ದಿನವೇ ಆಗಲಿ, ಯೂನಿಫಾರ್ಮಿನಲ್ಲಿ ಇಳಿಸಬಾರದೇಕೆ?

ಹೊಳೆಯ ಅಳತೆಯನ್ನೂ ಒಮ್ಮೆ ನೋಡಬೇಕು. ೨೦೧೯ರ ಆಗಸ್ಟಿನಲ್ಲಿ ಕಬಿನಿ ಜಲಾಶಯದ ಹೊರಹರಿವು ಲಕ್ಷ ಕ್ಯುಸೆಕ್ ದಾಟಿತ್ತು. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಸುಮಾರು ೨೮ ಲೀಟರ್. ಲಕ್ಷ ಕ್ಯುಸೆಕ್ಕಿಗೆ ಸೆಕೆಂಡಿಗೆ ೨೮ ಲಕ್ಷ ಲೀಟರ್. ಐವತ್ತು ಮೀಟರ್ ಉದ್ದ, ಇಪ್ಪತ್ತೈದು ಮೀಟರ್ ಅಗಲ, ಎರಡು ಮೀಟರ್ ಆಳದ ಒಲಿಂಪಿಕ್ ಕೊಳ ಹಿಡಿಯುವುದು ೨೫ ಲಕ್ಷ ಲೀಟರ್. ಮಗು ಇಡೀ ಬೇಸಿಗೆ ಈಜಿದ ನೀರಿಗಿಂತ ಹೆಚ್ಚು ನೀರು ಅಂದು ಹುಲ್ಲಹಳ್ಳಿಯನ್ನು ಒಂದೊಂದು ಸೆಕೆಂಡಿಗೂ ದಾಟುತ್ತಿತ್ತು. ಅಂಥ ಹೊಳೆಯಲ್ಲಿ ಈಜುವುದನ್ನು ಯಾವ ಕೋಚೂ ಕಲಿಸಲಾರ; ದೂರ ನಿಲ್ಲುವುದನ್ನು ಮಾತ್ರ ಕಲಿಸಬಹುದು. ಹಾಗಾಗಿ ಈ ಪಕ್ಷದವರ ಮಳೆಗಾಲದ ಕಾರ್ಯಕ್ರಮದಲ್ಲಿ ನೀರೇ ಇರುವುದಿಲ್ಲ: ದಡ ಗುರುತಿಸುವುದು, ಮರಳು ತೆಗೆದ ಗುಂಡಿಗಳಿರುವ ಜಾಗ ಹೇಳಿಕೊಡುವುದು, ಕಾಂಕ್ರೀಟ್ ಹಾಕಿದ ನಾಲೆಯ ಜಾರು ಬದುವಿನಿಂದ ಹತ್ತಿಬರುವುದು ಏಕೆ ಕಷ್ಟ ಎಂದು ತೋರಿಸುವುದು.

ವಿಶ್ವಸಂಸ್ಥೆ ೨೦೨೧ರಲ್ಲಿ ಮುಳುಗುಸಾವು ತಡೆ ದಿನ ಎಂದು ಗೊತ್ತುಮಾಡಿದ ಜುಲೈ ೨೫ ನಮ್ಮಲ್ಲಿ ಕಬಿನಿ ತುಂಬುವ ಕಾಲಕ್ಕೇ ಬೀಳುತ್ತದೆ. ಮಲ್ಲನಮೂಲೆ ಬಳಿ ಊಟಿ ರಸ್ತೆಗೆ ನೀರು ನುಗ್ಗಿದರೆ ಶಾಲೆಗಳಿಗೆ ರಜೆ ಕೊಡುವ ದಿನಗಳೂ ಅವೇ. ಆದರೆ ಅಪಾಯ ಮಳೆಗಾಲಕ್ಕೇ ಮುಗಿಯುವುದಿಲ್ಲ; ಶಾಲಾ ಪ್ರವಾಸದ ಕಾಲ ಡಿಸೆಂಬರ್. ೨೦೨೪ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಹೋದ ನಾಲ್ವರು ಶಾಲಾ ಬಾಲಕಿಯರು ಮುರುಡೇಶ್ವರದ ಕಡಲಲ್ಲಿ ಸತ್ತರು. ಬೇಸಿಗೆ ಶಿಬಿರ ಇನ್ನೂ ನಾಲ್ಕು ತಿಂಗಳು ದೂರವಿತ್ತು.

ಚಳಿ, ನೀರು, ಬಸ್ಸು

ವಾದಗಳ ಮಾತಾಯಿತು. ವರ್ಷಪೂರ್ತಿ ಈಜಿಗೆ ನಿಜವಾಗಿ ಅಡ್ಡ ಬರುವುದು ಸಣ್ಣ ಸಣ್ಣ ಸಂಗತಿಗಳು. ಅಂತರರಾಷ್ಟ್ರೀಯ ನಿಯಮದಂತೆ ಸ್ಪರ್ಧೆಯ ನೀರು ೨೫ರಿಂದ ೨೮ ಡಿಗ್ರಿ ಇರಬೇಕು. ಬಿಸಿ ಮಾಡುವ ವ್ಯವಸ್ಥೆಯಿಲ್ಲದ ಬಯಲು ಕೊಳ ಮೈಸೂರಿನ ಡಿಸೆಂಬರ್ ಮುಂಜಾವಿನಲ್ಲಿ ಅದಕ್ಕಿಂತ ಕೆಳಗಿಳಿಯುತ್ತದೆ. ಸಣ್ಣ ಮಗುವಿನ ಮೈ ದೊಡ್ಡವರದಕ್ಕಿಂತ ಬೇಗ ತಣ್ಣಗಾಗುತ್ತದೆ. ಹತ್ತು ನಿಮಿಷಕ್ಕೆ ತುಟಿ ನೀಲಿ, ಹಲ್ಲು ಕಟಕಟ. ‘ನೆಗಡಿ ಆಗತ್ತೆ’ ಎನ್ನುವ ಅಜ್ಜಿಯನ್ನು ಗೇಲಿ ಮಾಡುವವರು ಒಮ್ಮೆ ಜನವರಿಯ ಆರು ಗಂಟೆಗೆ ಇಳಿದು ನೋಡಲಿ.

ಬೇಸಿಗೆಗೂ ಈಗ ಭರವಸೆ ಇಲ್ಲ. ೨೦೨೪ರ ಮಾರ್ಚಿನ ಜಲಕ್ಷಾಮದಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ ₹೫,೦೦೦ ದಂಡ ಹೇರಿತು. ಕೊಳ ಸಿಗುವ ಕಾಲದಲ್ಲಿ ನೀರಿಲ್ಲ, ನೀರಿರುವ ಕಾಲದಲ್ಲಿ ಬಿಡುವಿಲ್ಲ. ಹಾಗೆಂದು ಹೊಳೆಗೇ ಹೋಗೋಣ ಎಂದರೆ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಕಲುಷಿತ ನದಿಪಾತ್ರಗಳ ಪಟ್ಟಿಯಲ್ಲಿ ನಂಜನಗೂಡು–ಹೆಜ್ಜಿಗೆ ನಡುವಿನ ಕಬಿನಿಯ ಹೆಸರು ಸೇರಿತ್ತು.

ದೂರವೂ ಒಂದು ಅಡ್ಡಿ. ಹುಲ್ಲಹಳ್ಳಿಯ ಮಗುವಿಗೆ ಐವತ್ತು ಮೀಟರ್ ಕೊಳವೂ ವರ್ಷಪೂರ್ತಿ ಕೋಚೂ ಬೇಕೆಂದರೆ ನಂಜನಗೂಡು ದಾಟಿ ಮೈಸೂರಿಗೆ ಬರಬೇಕು. ರಜೆಯಲ್ಲಿ ಚಿಕ್ಕಮ್ಮನ ಮನೆಯಲ್ಲಿ ಉಳಿದು ಕಲಿಯಬಹುದು. ಶಾಲೆಯ ದಿನಗಳಲ್ಲಿ ಬೆಳಿಗ್ಗೆ ಆರರ ಬ್ಯಾಚಿಗೆ ಯಾವ ಬಸ್ಸಿನಲ್ಲಿ ಬರುವುದು? ಹುಡುಗಿಯಾದರೆ ಇನ್ನೂ ಒಂದು ತೊಡಕು. ಒಂಬತ್ತು ವರ್ಷದವರೆಗೆ ಬೇಸಿಗೆ ಬ್ಯಾಚಿಗೆ ಬಂದವಳು ಹನ್ನೆರಡಕ್ಕೆ ಬರುವುದಿಲ್ಲ. ಉಡುಗೆಯ ಮುಜುಗರ, ಹೆಂಗಸರ ಬ್ಯಾಚಿನ ಸಮಯ ಹೊಂದದಿರುವುದು, ಹೆಣ್ಣು ಕೋಚ್ ಇಲ್ಲದಿರುವುದು ಎಲ್ಲ ಸೇರಿ ಆ ಬಾಗಿಲು ಮುಚ್ಚುತ್ತದೆ. ಐದನೆಯ ವಯಸ್ಸಿನಲ್ಲಿ ಮುಳುಗಿ ಬದುಕಿಬಂದ ನಿಶಾ ಮಿಲ್ಲೆಟ್ ಮುಂದೆ ಒಲಿಂಪಿಕ್ಸಿಗೆ ಹೋದದ್ದು, ಆ ಭಯ ಹೋಗಲೇಬೇಕೆಂದು ತಂದೆ ಹಟ ಹಿಡಿದು ಕಲಿಸಿದ್ದರಿಂದ. ಎಲ್ಲ ಮನೆಯಲ್ಲೂ ಆ ಹಟವನ್ನು ನಿರೀಕ್ಷಿಸುವಂತಿಲ್ಲ. ಅದರ ಕೆಲಸವನ್ನು ವ್ಯವಸ್ಥೆ ಮಾಡಬೇಕು.

ನನಗೆ ತೋಚುವ ಒಂದು ನಡುದಾರಿ ದಸರಾ ರಜೆ. ಅಕ್ಟೋಬರಿನಲ್ಲಿ ಮಳೆ ಇಳಿಮುಖ, ಚಳಿ ಇನ್ನೂ ಬಂದಿಲ್ಲ, ಶಾಲೆಗೆ ಬಿಡುವಿದೆ, ಮೇ ತಿಂಗಳಲ್ಲಿ ಕಲಿತದ್ದು ಪೂರ್ತಿ ಅಳಿಸಿಲ್ಲ. ಹತ್ತು ದಿನದ ‘ನೆನಪಿನ ಬ್ಯಾಚು’ ನಡೆಸಿದರೆ ಬಿಡದೆ ಈಜಿಸುವವರಿಗೂ ಬಿಡುವು ಬೇಡುವವರಿಗೂ ಅರ್ಧರ್ಧ ಸಮಾಧಾನವಾದೀತು. ಆದರೆ ದಸರಾ ಎಂದರೆ ನಮ್ಮವರಿಗೆ ಜಂಬೂ ಸವಾರಿ, ವಸ್ತುಪ್ರದರ್ಶನ, ನೆಂಟರ ಮನೆ. ಈಜಿಗೆ ಮಕ್ಕಳನ್ನು ಸೇರಿಸುವ ರೂಢಿ ಆ ರಜೆಯಲ್ಲಿ ಬೆಳೆದಿಲ್ಲ.

ಇನ್ನೂ ತೀರದ ತಕರಾರುಗಳು

ಮೊದಲನೆಯದು ಪ್ರಮಾಣದ್ದು. ಕಲಿತದ್ದು ಮಗುವಿನ ಮೈಯಲ್ಲಿ ಉಳಿಯಬೇಕಾದರೆ ಬೇಸಿಗೆಯ ನಂತರ ಎಷ್ಟು ನೀರು ಬೇಕು? ವಾರಕ್ಕೊಂದು ದಿನವೋ, ತಿಂಗಳಿಗೆರಡು ದಿನವೋ, ವರ್ಷದ ನಡುವೆ ಒಂದೇ ಪುನರಾವರ್ತನೆಯೋ? ಕ್ರೀಡಾಪಟುಗಳ ದಮ್ಮು ಇಳಿಯುವ ಬಗ್ಗೆ ಅಧ್ಯಯನಗಳು ಹೇರಳ. ಹೊಸದಾಗಿ ಕಲಿತ ಮಗುವಿನ ಈಜು ಎಷ್ಟು ದಿನಕ್ಕೆ ಸೊರಗುತ್ತದೆ ಎಂಬುದರ ಬಗ್ಗೆ ವಿರಳ. ಕೋಚುಗಳು ತಮ್ಮ ಅನುಭವದಿಂದ ಹೇಳುವ ಲೆಕ್ಕ ಒಬ್ಬರದು ಒಬ್ಬರಿಗೆ ಹೊಂದುವ ಮಾತಿಲ್ಲ.

ಎರಡನೆಯದು ಬಾಂಗ್ಲಾದೇಶದ ಫಲಿತಾಂಶ ನಮ್ಮ ಹೊಳೆಗೆ ಎಷ್ಟು ಅನ್ವಯ ಎಂಬುದು. ಅಲ್ಲಿ ಮಕ್ಕಳು ಬಿದ್ದು ಸಾಯುತ್ತಿದ್ದುದು ಹೆಚ್ಚಾಗಿ ಮನೆ ಹಿಂದಿನ ಕೆರೆಗಳಲ್ಲಿ, ನಿಂತ ನೀರಿನಲ್ಲಿ. ಇಲ್ಲಿ ಅಪಾಯ ನಾಲೆಯಲ್ಲಿ, ಅಣೆಕಟ್ಟೆಯ ಕೆಳಗಿನ ಮಡುವಿನಲ್ಲಿ, ಸಂಗಮದಲ್ಲಿ. ಜೊತೆಗೆ, ಆ ಅಧ್ಯಯನದಲ್ಲಿ ಕಲಿತವರನ್ನೂ ಕಲಿಯದವರನ್ನೂ ಚೀಟಿ ಎತ್ತಿ ಬೇರ್ಪಡಿಸಿರಲಿಲ್ಲ. ಕಲಿಯಲು ಮುಂದೆ ಬಂದ ಮನೆಗಳೇ ಮಕ್ಕಳ ಮೇಲೆ ಹೆಚ್ಚು ನಿಗಾ ಇಡುವ ಮನೆಗಳೂ ಆಗಿರಬಹುದು ಎಂಬ ಆಕ್ಷೇಪ ಉಳಿದೇ ಇದೆ.

ಮೂರನೆಯದು ಧೈರ್ಯದ ಪ್ರಶ್ನೆ. ಅರ್ಧ ಕಲಿತ ಈಜು ಕಾಪಾಡುತ್ತದೆಯೋ, ಅಥವಾ ಹದಿಮೂರು ಹದಿನಾಲ್ಕರ ಹುಡುಗನನ್ನು ಗೆಳೆಯರೆದುರು ಮಡುವಿಗೆ ಇಳಿಸುತ್ತದೆಯೋ? ಸಣ್ಣ ಮಕ್ಕಳ ವಿಷಯದಲ್ಲಿ ಪುರಾವೆ ಪಾಠದ ಪರವಾಗಿದೆ. ಹದಿಹರೆಯದ ಹುಡುಗರ ವಿಷಯದಲ್ಲಿ ತಜ್ಞರು ಇನ್ನೂ ಒಮ್ಮತಕ್ಕೆ ಬಂದಿಲ್ಲ. ನಮ್ಮ ಹೊಳೆಗಳಲ್ಲಿ ಗುಂಪಾಗಿ ಇಳಿಯುವವರು ಆ ವಯಸ್ಸಿನವರೇ.

ಕೊನೆಯದು ಹೊಣೆಯ ಪ್ರಶ್ನೆ. ಶಾಲೆಯ ಪಠ್ಯದಲ್ಲಿ ಈಜು ಕಡ್ಡಾಯವಲ್ಲ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಅದನ್ನು ಕ್ರೀಡೆಯಾಗಿ ನೋಡುತ್ತದೆ, ಆರೋಗ್ಯ ಇಲಾಖೆ ಸಾವಿನ ಅಂಕಿಯಾಗಿ, ನೀರಾವರಿ ನಿಗಮಕ್ಕೆ ನಾಲೆ ಎಂದರೆ ಬೆಳೆಗೆ ಬಿಡುವ ನೀರು. ತಿರುಮಕೂಡಲಿನಲ್ಲಿ ೧೯೮೯ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುವಾಗ ಮೂರು ದಿನದ ಮಟ್ಟಿಗೆ ಇವೆಲ್ಲ ಒಂದಾಗಿ ಹೊಳೆಗೆ ತಡೆಬೇಲಿ ಹಾಕಿ ದೋಣಿ, ಈಜುಗಾರರನ್ನು ನಿಲ್ಲಿಸುತ್ತವೆ. ಬೇಸಿಗೆಯಲ್ಲಿ ಹದಿನೈದು ಮೀಟರ್ ಈಜಲು ಕಲಿತ ಮಗುವಿನ ಜೂನ್‌ನಿಂದ ಮಾರ್ಚ್‌ವರೆಗಿನ ಹೊಣೆ ಇವುಗಳಲ್ಲಿ ಯಾವುದರದು ಎಂಬುದನ್ನು ಇದುವರೆಗೆ ಯಾರೂ ತಮ್ಮ ಕಡತಕ್ಕೆ ತೆಗೆದುಕೊಂಡಿಲ್ಲ.